ಸಭಾಮನೆಯ ಎದುರಿನ ರಸ್ತೆ

ಐವತ್ತೆಂಟು ತುಂಬುವವರೆಗೆ ಸಿನೀವಾ ಕಾಲಿನಿಂದ ತುಳಿದು ನಡೆಸಿದ ಯಂತ್ರವೆಂದರೆ ಹೊಲಿಗೆ ಯಂತ್ರ ಒಂದೇ. ನಮ್ಮ ಊರಿನ ಹೆಂಗಸರು ಭಾನುವಾರ ಉಡುವ ಬಿಳಿ ಉಡುಪುಗಳಲ್ಲಿ ಮುಕ್ಕಾಲು ಪಾಲು ಅವಳು ಹೊಲಿದವು. ಉಳಿದ ಹೊತ್ತಿನಲ್ಲಿ ಕೇದಗೆಯ ಎಲೆಯನ್ನು ಎಸಳಾಗಿ ಸೀಳಿ ಚಾಪೆ ಹೆಣೆಯುತ್ತಿದ್ದಳು. ಪಕ್ಕದಲ್ಲಿ ಕೂತು ನೆರೆಮನೆಯವಳಾದ ನಾನೂ ಹೆಣೆಯುತ್ತಿದ್ದೆ. ಮಾತು ಕಡಿಮೆ. ಒಂದು ಎಸಳು ಮುಗಿದು ಇನ್ನೊಂದನ್ನು ಸೇರಿಸುವಾಗ ಒಂದೆರಡು ವಾಕ್ಯ ಹೇಳುವಳು, ಮತ್ತೆ ಸುಮ್ಮನಾಗುವಳು. ಈ ಬರಹದಲ್ಲಿ ನಾನು ಕಣ್ಣಾರೆ ಕಂಡದ್ದು ಸ್ವಲ್ಪ, ಆ ವಾಕ್ಯಗಳಿಂದ ತಿಳಿದದ್ದು ಹೆಚ್ಚು.

ಅವಳ ತಾಯಿ ಬೇಗ ತೀರಿಕೊಂಡಿದ್ದಳು. ಆಗ ತಮ್ಮ ಫೆರೇತಿ ಇನ್ನೂ ಅಂಬೆಗಾಲಿಡುವ ಮಗು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅವಳು ಅಡುಗೆ ಕಲಿತಳು, ಶಾಲೆ ಬಿಟ್ಟಳು. ಒಮ್ಮೆ ಅವನು ಬಂಡೆಯ ಸಂದಿನಲ್ಲಿ ಸಮುದ್ರದ ಮುಳ್ಳುಚೆಂಡನ್ನು ತುಳಿದು ಪಾದ ಊದಿಸಿಕೊಂಡಾಗ, ಬಸ್ಸಿಲ್ಲದ ದಿನ, ಕರಿಬಂಡೆಯ ಬಯಲಿನುದ್ದಕ್ಕೂ ಅವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ನಡೆದಿದ್ದಳು. ಆಮೇಲೆ ಮದುವೆಯಾಗಿ ದ್ವೀಪದ ಆಚೆ ಬದಿಗೆ ಹೋದಳು. ಮಕ್ಕಳಾಗಲಿಲ್ಲ. ಗಂಡ ಸತ್ತ ಮೇಲೆ ತನ್ನ ಚಾಪೆಗಳನ್ನೂ ಹೊಲಿಗೆ ಯಂತ್ರವನ್ನೂ ಬಸ್ಸಿನ ಮೇಲೆ ಹೇರಿಕೊಂಡು ತವರಿಗೆ ಮರಳಿ, ತಮ್ಮನ ಮನೆಯ ಪಕ್ಕದ ಪುಟ್ಟ ಮನೆಯಲ್ಲಿ ಇರತೊಡಗಿದಳು.

ಸಮೋವಾದ ಈ ಸವಾಯಿ ದ್ವೀಪದಲ್ಲಿ ತವರಿಗೆ ಮರಳಿದ ಅಕ್ಕನನ್ನು ಯಾರೂ ಹೊರೆ ಎನ್ನುವುದಿಲ್ಲ. ಅವಳು ಒಳಗೆ ಬಂದರೆ ತಮ್ಮ ಸರಿದು ಜಾಗ ಬಿಡುತ್ತಾನೆ. ಊಟದಲ್ಲಿ ಒಳ್ಳೆಯ ತುಂಡು ಅವಳಿಗೆ. ಅವಳ ಎದುರು ಒರಟು ಮಾತಿಲ್ಲ, ಪೋಲಿ ನಗೆಯಿಲ್ಲ, ಅವಳ ಪಕ್ಕಕ್ಕೆ ಅಂಟಿ ಕೂರುವುದಿಲ್ಲ. ಅಕ್ಕ ನೊಂದರೆ, ಅವಳು ಬಾಯಿಬಿಟ್ಟು ಶಪಿಸದಿದ್ದರೂ, ಆ ನೋವು ತಮ್ಮನ ಮೈಗೆ ತಗಲುತ್ತದೆ ಎಂದು ಹಳಬರು ಈಗಲೂ ನಂಬುತ್ತಾರೆ. ನಮ್ಮ ಪಾದ್ರಿಯವರು ಇದನ್ನು ಹಿಂದಿನ ಕಾಲದ ಕತ್ತಲೆ ಎನ್ನುತ್ತಾರೆ. ಅವರ ಸ್ವಂತ ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದರೆ ಮಾತ್ರ ಸ್ವಲ್ಪ ದನಿ ತಗ್ಗಿಸಿ ಎನ್ನುತ್ತಾರೆ.

ಫೆರೇತಿಯ ಬಳಿ ಒಂದು ಹಳೆಯ ಪಿಕಪ್ ಇತ್ತು. ಊರಿನ ಕೆಸುವಿನ ಗಡ್ಡೆ, ತೆಂಗಿನಕಾಯಿ, ಹೆರಿಗೆಯ ಹೆಂಗಸರು, ಶವಪೆಟ್ಟಿಗೆಗಳು ಎಲ್ಲವೂ ಅದರಲ್ಲೇ ಪಟ್ಟಣಕ್ಕೆ ಹೋಗಿ ಬರುತ್ತಿದ್ದವು. ಆಮೇಲೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಪಾದ ಮರಗಟ್ಟಿತು. ಒಂದು ಬೆಳಿಗ್ಗೆ ಇಗರ್ಜಿ ಸೇವಕನ ದೊಡ್ಡ ಹೆಣ್ಣುಹಂದಿ ರಸ್ತೆಗೆ ಬಂದಾಗ ಅವನು ಬ್ರೇಕ್ ತುಳಿದ. ತುಳಿದೆ ಎಂದುಕೊಂಡ. ಕಾಲು ಬ್ರೇಕಿನ ಮೇಲಿರಲೇ ಇಲ್ಲ, ಅದು ಅವನಿಗೆ ಗೊತ್ತೇ ಆಗಲಿಲ್ಲ.

"ಸತ್ತದ್ದು ಹಂದಿ, ಪುಣ್ಯ. ಇಗರ್ಜಿ ಸೇವಕನೇ ಆಗಿದ್ರೆ ಭಾನುವಾರ ಗಂಟೆ ಹೊಡೆಯೋರು ಯಾರಿದ್ರು?" ಎಂದಳು ಅವನ ಹೆಂಡತಿ ಎಸೆಟಾ. ಬಾಯಿ ಜೋರಿನ ಹೆಂಗಸು. ಅಂದು ಮಾತ್ರ ಹೇಳಿ ಮುಗಿಸಿ ಅತ್ತಳು.

ಬಲಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿತ್ತು. ಡಾಕ್ಟರಮ್ಮ ನೋಡಿ, "ದಿನ ಬಿಟ್ಟು ದಿನ ಬಂದು ತೊಳೆಸಿಕೊಂಡು ಪಟ್ಟಿ ಕಟ್ಟಿಸಿಕೊಂಡರೆ ಕಾಲು ಉಳಿಯುತ್ತೆ. ಮನೇಲಿ ಕೂತರೆ ಉಳಿಯಲ್ಲ. ವಾಹನ ಮುಟ್ಟಕೂಡದು," ಎಂದಳು. ಬಸ್ಸಿನ ಮೆಟ್ಟಿಲು ಅವನ ಕಾಲಿಗೆ ಎಟುಕುವಂಥದ್ದಲ್ಲ. ಪಾದ್ರಿಯವರು ಸೋಮವಾರಗಳಂದು ತಾವೇ ಪಿಕಪ್ ನಡೆಸಿ ಕರೆದೊಯ್ಯಲು ಒಪ್ಪಿದರು. ಉಳಿದ ದಿನಗಳಿಗೆ ಯಾರೂ ಇರಲಿಲ್ಲ. ಊರಿನ ಗಟ್ಟಿ ಹುಡುಗರೆಲ್ಲ ಆ ಋತುವಿಗೆ ನ್ಯೂಜಿಲೆಂಡಿನ ತೋಟಗಳಿಗೆ ಸೇಬು ಕೀಳಲು ಹೋಗಿದ್ದರು. ಎಸೆಟಾಗೆ ಒಂದು ಕಣ್ಣಿನಲ್ಲಿ ಪೊರೆ.

"ನಾನು ಕಲಿತೀನಿ," ಎಂದಳು ಸಿನೀವಾ.

ಆದರೆ ಕಲಿಸುವವನು ಫೆರೇತಿ ಒಬ್ಬನೇ. ಅಕ್ಕನ ಪಕ್ಕದ ಸೀಟಿನಲ್ಲಿ ಅವನು ಕೂರುವಂತಿಲ್ಲ. ಕಾಲನ್ನು ಚಾಚಿಯೂ ಇಡಬೇಕು. ಹಾಗಾಗಿ ಪಿಕಪ್ಪಿನ ಹಿಂದುಗಡೆ ಚಾಪೆ ಹಾಸಿ, ಚಾಲಕರ ಬೆನ್ನ ಹಿಂದಿನ ಪುಟ್ಟ ಕಿಟಕಿಗೆ ಕಿವಿಯಾನಿಸಿ ಅವನು ಕೂತ. ಪಕ್ಕದ ಸೀಟಿನಲ್ಲಿ ಎಸೆಟಾ. ನಾನೂ ಕೆಲವು ಸಂಜೆ ಹಿಂದುಗಡೆ ಹತ್ತುತ್ತಿದ್ದೆ, ಅವನ ಕಾಲು ಜೋಲಿ ಹೊಡೆಯದಂತೆ ಹಿಡಿದುಕೊಳ್ಳಲು.

"ಎಸೆಟಾ, ಅಕ್ಕನವರಿಗೆ ಹೇಳು, ಬಲಗಡೆ ಇನ್ನೂ ಸ್ವಲ್ಪ ಜಾಗ ಇದೆ ಅಂತ."

"ಅತ್ತಿಗೆ, ಎಡಗಡೆ ಚರಂಡಿಗೆ ಬೀಳ್ತಿದೀವಂತೆ. ನಿಮ್ಮ ತಮ್ಮ ಮರ್ಯಾದೆಯಾಗಿ ಹೇಳ್ತಿದಾರೆ."

"ಅಯ್ಯೋ ದೇವರೇ!" ಎಂದು ಸಿನೀವಾ ಸ್ಟೇರಿಂಗ್ ತಿರುಗಿಸಿದಳು.

"ಅಕ್ಕನವರಿಗೆ ಹೇಳು, ತುಂಬಾ ಚೆನ್ನಾಗಿ ತಿರುಗಿಸಿದ್ರು. ಇನ್ನು ನೇರ ಮಾಡಿದ್ರೂ ಚೆನ್ನಾಗಿರುತ್ತೆ."

"ದೀವಿಹಲಸಿನ ಮರ ಬಂತು ಅತ್ತಿಗೆ! ನೇರ, ನೇರ! ರೀ, ನೀವು ಹೇಳೋ ಹೊತ್ತಿಗೆ ಕಾಯಿ ಬಿದ್ದು ಹಣ್ಣಾಗಿರುತ್ತೆ!"

ನಿಲ್ಲಿಸಬೇಕೆಂದರೆ ಅವನು ತಗಡಿನ ಮೇಲೆ ಬೆರಳಿನಿಂದ ಮೆಲ್ಲಗೆ ಬಡಿಯುತ್ತಿದ್ದ, ಮಲಗಿರುವವರನ್ನು ಎಬ್ಬಿಸಲು ಹಿಂಜರಿಯುವವನ ಹಾಗೆ. ಅವಳಿಗೆ ಕೇಳಿಸುವಷ್ಟರಲ್ಲಿ ಗಾಡಿ ನಿಲ್ಲಬೇಕಾದ ಜಾಗ ದಾಟಿರುತ್ತಿತ್ತು. "ಪರವಾಗಿಲ್ಲ, ಅಲ್ಲೂ ನಿಲ್ಲಿಸಬಹುದು," ಎನ್ನುತ್ತಿದ್ದ.

ಒಂದು ಸಂಜೆ ನಡುರಸ್ತೆಯಲ್ಲಿರುವಾಗಲೇ ಪ್ರಾರ್ಥನೆಯ ಶಂಖ ಕೇಳಿಸಿತು. ಆ ಹೊತ್ತಿನಲ್ಲಿ ಊರೊಳಗೆ ಯಾರೂ ಕದಲುವಂತಿಲ್ಲ. ಯಾರೂ ಬಡಿಯಲಿಲ್ಲ, ಯಾರೂ ಹೇಳಲಿಲ್ಲ. ಸಿನೀವಾ ತಾನೇ ಕ್ಲಚ್ ತುಳಿದು, ಗಾಡಿಯನ್ನು ರಸ್ತೆಯ ಅಂಚಿಗೆ ತಂದು, ಒಂದು ತೊನೆದಾಟವೂ ಇಲ್ಲದೆ ನಿಲ್ಲಿಸಿದಳು. ಕೂತಲ್ಲೇ ನಾವು ನಾಲ್ವರೂ ಹಾಡಿದೆವು. ಫೆರೇತಿಯ ಗಂಡುದನಿ ಹಿಂದಿನಿಂದ, ಅವಳ ದನಿ ಮುಂದಿನಿಂದ. ಆ ಕಾಲು ಉಳಿಯುತ್ತದೆ ಎಂದು ನನಗೆ ಅಂದು ಅನಿಸಿತ್ತು.

ಊರ ಪೊಲೀಸಿನವನು ದೂರದ ನೆಂಟ. "ಊರೊಳಗೆ ಎಷ್ಟು ಬೇಕಾದ್ರೂ ಓಡಿಸ್ಕೊಳ್ಳಿ ಅತ್ತೆ. ಲೈಸೆನ್ಸ್ ಇಲ್ದೆ ಗಡಿ ದಾಟಿದ್ರೆ ಮಾತ್ರ ನಾನು ಕುರುಡನ ಹಾಗೆ ಇರಕ್ಕಾಗಲ್ಲ," ಎಂದಿದ್ದ. ಸಿನೀವಾ ಗಡಿಯ ಕಲ್ಲಿನವರೆಗೂ ಹೋಗದೆ ಅದಕ್ಕಿಂತ ಮುಂಚೆಯೇ ತಿರುಗಿಸಿಕೊಂಡು ಬರುವವಳು.

ನಮ್ಮ ಸಭಾಮನೆಗೆ ಗೋಡೆಗಳಿಲ್ಲ, ಕಂಬಗಳಷ್ಟೇ. ಹಿರಿಯರು ಒಳಗೆ ಕಂಬಕ್ಕೆ ಒರಗಿ ಕೂತರೆ ರಸ್ತೆ ಅವರ ಕಣ್ಣೆದುರಿಗೆ. ಕೂತವರ ಮುಂದೆ ಹಾದುಹೋಗುವಾಗ ನಾವು ನಡು ಬಗ್ಗಿಸಿ, ತಲೆ ತಗ್ಗಿಸಿ, "ತುಲೋ" ಎನ್ನುತ್ತೇವೆ. ನಿಮಗಿಂತ ಎತ್ತರದಲ್ಲಿ ದಾಟುತ್ತಿದ್ದೇನೆ, ಮನ್ನಿಸಿ ಎಂದು ಅರ್ಥ. ಮಗು ನಡೆಯಲು ಕಲಿತ ಕೂಡಲೇ ಕಲಿಯುವ ಮಾತು. ಅಷ್ಟೊಂದು ಸಂಜೆ ಆ ಸಭಾಮನೆಯ ಮುಂದೆ ಹೋಗಿ ಬಂದೆವು. ಪ್ರತಿ ಸಲವೂ ಹಿಂದುಗಡೆ ಕೂತ ಫೆರೇತಿ ತಲೆ ತಗ್ಗಿಸುತ್ತಿದ್ದ, ನಾನು ತಗ್ಗಿಸುತ್ತಿದ್ದೆ, ಪಕ್ಕದಲ್ಲಿ ಎಸೆಟಾ ತಗ್ಗಿಸುತ್ತಿದ್ದಳು. ಆಗ ಸ್ಟೇರಿಂಗ್ ಹಿಡಿದವಳೂ ಸ್ಟೇರಿಂಗಿಗೆ ಹಣೆ ತಗಲುವಂತೆ ಬಾಗುತ್ತಿದ್ದಳು ಎಂಬುದನ್ನು ನಾವು ಯಾರೂ ನೋಡಲಿಲ್ಲ.

ಪರೀಕ್ಷೆಯ ದಿನ ಪಾದ್ರಿಯವರು ಪಿಕಪ್ಪನ್ನು ಪಟ್ಟಣಕ್ಕೆ ನಡೆಸಿಕೊಂಡು ಹೋದರು. ಸಿನೀವಾ ಬಿಳಿ ಉಡುಪು ಉಟ್ಟಿದ್ದಳು. ಪರೀಕ್ಷಕ ಒಬ್ಬ ತರುಣ, ಮಾತಿನಲ್ಲಿ ವಿನಯವಿತ್ತು. ಅವಳು ಹಿಂದಕ್ಕೆ ತೆಗೆದಳು, ತಿರುವಿನಲ್ಲಿ ದೀಪ ಹಾಕಿದಳು, ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದಳು. ಎಲ್ಲ ಸರಿಹೋಯಿತು. ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಯಾರದೋ ಸಾವಿನ ಮನೆ. ತೆರೆದ ಮನೆಯ ತುಂಬ ಮುದುಕರು ಕೂತಿದ್ದರು. ಸಿನೀವಾ ವೇಗ ತಗ್ಗಿಸಿ, ತಲೆ ಬಾಗಿಸಿ, "ತುಲೋ, ತುಲೋ," ಎಂದಳು. ಅವಳು ತಲೆ ಎತ್ತುವಷ್ಟರಲ್ಲಿ ಪರೀಕ್ಷಕ ಕೈಬ್ರೇಕ್ ಎಳೆದಿದ್ದ. ಗಾಡಿಯ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಹೆಂಗಸೊಬ್ಬಳು ಹೂವಿನ ಬುಟ್ಟಿ ಹಿಡಿದು ಬೆಚ್ಚಿ ನಿಂತಿದ್ದಳು.

"ಅಮ್ಮ, ನಿಮ್ಮ ಹಾಗೆ ನಮ್ಮಜ್ಜಿನೂ ಬಾಗ್ತಾರೆ," ಎಂದ ಅವನು. "ಆದ್ರೆ ನಮ್ಮಜ್ಜಿ ನಡ್ಕೊಂಡು ಹೋಗ್ತಾರೆ. ಮುಂದಿನ ತಿಂಗಳು ಬನ್ನಿ."

ಆ ಒಂದು ತಿಂಗಳಲ್ಲಿ ಹೆಬ್ಬೆರಳು ಕಪ್ಪಾಯಿತು. ವಾರಕ್ಕೆ ಒಂದು ಪಟ್ಟಿ ಸಾಲಲಿಲ್ಲ. ಅವನ ಬಳಿ ಕೂತರೆ ಒಂದು ವಾಸನೆ ಬರತೊಡಗಿತ್ತು. ಎಸೆಟಾ ಮನೆಯ ಸುತ್ತ ಮಲ್ಲಿಗೆ ತಂದಿಟ್ಟಳು. ಡಾಕ್ಟರಮ್ಮ ಬೆರಳು ತೆಗೆದಳು, ಪಾದ ಇನ್ನೂ ಉಳಿಯಬಹುದು ಎಂದಳು, ದಿನ ಬಿಟ್ಟು ದಿನ ಬಂದರೆ ಎಂದು ಮತ್ತೆ ಹೇಳಿದಳು.

ಅಭ್ಯಾಸ ಮುಂದುವರಿಯಿತು. ಆದರೆ ಬಾಗುವುದು ನಿಲ್ಲಲಿಲ್ಲ. ಬಾಗಬಾರದು ಎಂದು ಮನೆಯಲ್ಲಿ ಗಟ್ಟಿ ಮಾಡಿಕೊಂಡು ಹೊರಡುತ್ತಿದ್ದಳು. ಸಭಾಮನೆ ಬಂದರೆ ಕುತ್ತಿಗೆ ತಾನಾಗಿ ಇಳಿಯುತ್ತಿತ್ತು. ಫೆರೇತಿ ಈಗ ತಲೆ ತಗ್ಗಿಸದೆ ಕಿಟಕಿಯಿಂದ ನೋಡುತ್ತಿದ್ದ, ನೋಡಿಯೂ ಏನೂ ಹೇಳುತ್ತಿರಲಿಲ್ಲ.

"ಹೇಳ್ರೀ," ಎಂದಳು ಎಸೆಟಾ ಒಂದು ದಿನ, ಗಾಡಿ ನಿಂತ ಮೇಲೆ, ನನ್ನೆದುರೇ. "ಬಾಗ್ಬೇಡಿ ಅಂತ ಬಾಯ್ಬಿಟ್ಟು ಹೇಳಿ."

"ಹಿರಿಯರಿಗೆ ಬಾಗ್ಬೇಡಿ ಅಂತ ಅಕ್ಕನಿಗೆ ನಾನು ಹೇಳ್ಲಾ? ನನಗೆ ಬಾಗೋದು ಕಲಿಸಿದ್ದೇ ಅವರು."

"ಮರ್ಯಾದೆ, ಮರ್ಯಾದೆ! ಬೆರಳು ತಿಂದಾಯ್ತು ನಿಮ್ಮ ಮರ್ಯಾದೆ. ಇನ್ನು ಮೊಣಕಾಲಿನವರೆಗೆ ತಿನ್ನುತ್ತೆ. ಆಮೇಲೆ ಇಬ್ಬರೂ ಕೂತು ಒಬ್ಬರಿಗೊಬ್ಬರು ಮರ್ಯಾದೆ ಬಡಿಸ್ಕೊಳ್ಳಿ."

ಅವನು ಕಾಲಿನ ಪಟ್ಟಿಯ ಮೇಲಿನ ನೊಣ ಓಡಿಸಿದ, ಅಷ್ಟೇ.

ಎರಡನೆಯ ಪರೀಕ್ಷೆಗೆ ಒಂದು ವಾರವಿತ್ತು. ಅಂದು ನಾನು ಹಿಂದುಗಡೆ ಅವನ ಕಾಲು ಹಿಡಿದು ಕೂತಿದ್ದೆ. ಸಭೆ ಸೇರಿತ್ತು, ಹಿರಿಯರೆಲ್ಲ ಒಳಗಿದ್ದರು. ಮೇಲಿನ ಮನೆಯ ಪುಟ್ಟ ಹುಡುಗಿಯೊಬ್ಬಳು ಕೋಳಿಮರಿಯ ಹಿಂದೆ ರಸ್ತೆಗೆ ಇಳಿದಳು. ಅದೇ ಕ್ಷಣಕ್ಕೆ ಸಿನೀವಾಳ ತಲೆ ಕೆಳಗಿಳಿಯಿತು.

"ತಲೆ ಎತ್ತೇ! ಕುರುಡೀ! ತುಳಿಯೇ ಬ್ರೇಕು!"

ಮುಷ್ಟಿಯಿಂದ ತಗಡಿಗೆ ಬಡಿದ ಸದ್ದು, ಬ್ರೇಕಿನ ಸದ್ದು ಎರಡೂ ಒಟ್ಟಿಗೇ ಕೇಳಿಸಿದವು. ಹುಡುಗಿ ಕೋಳಿಮರಿಯನ್ನು ಹಿಡಿದುಕೊಂಡು ಆಚೆ ಬದಿ ಸೇರಿದಳು. ಏನೂ ಆಗಲಿಲ್ಲ. ಆದರೆ ಸಭಾಮನೆಯಲ್ಲಿ ಭಾಷಣ ಮಾಡುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ್ದ. ಫೆರೇತಿ ತನ್ನ ಅಕ್ಕನನ್ನು, ಹಿರಿಯರೆಲ್ಲ ಕೇಳುವ ಹಾಗೆ, ಕುರುಡಿ ಎಂದಿದ್ದ.

ಸಿನೀವಾ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದಳು. ಕೈಬ್ರೇಕ್ ಎಳೆದಳು. ಬೀಗದ ಕೈ ತೆಗೆದು ಎಸೆಟಾಳ ಮಡಿಲಿಗಿಟ್ಟಳು. ಇಳಿದು, ತಮ್ಮನ ಕಡೆ ನೋಡದೆ, ಇಗರ್ಜಿಯ ಕಡೆ ನಡೆದಳು. ಅಂದು ಹಾಡಿನ ಅಭ್ಯಾಸವಿತ್ತು. ನಾನೂ ಹಿಂದೆಯೇ ಹೋದೆ. ಅವಳು ಒಂದು ಸ್ವರವೂ ತಪ್ಪದೆ ಹಾಡಿದಳು. ಎಲ್ಲರೂ ಹೋದ ಮೇಲೂ ಮುಂದಿನ ಬೆಂಚಿನಲ್ಲಿ ಕೂತೇ ಇದ್ದಳು. ಮಳೆ ಶುರುವಾಯಿತು. ಮಳೆ ನಿಲ್ಲಲಿ ಎಂದು ನಾನೂ ಕೂತೆ.

ನಾವು ಮನೆಗೆ ಬಂದಾಗ ಅವಳ ಮನೆಯೆದುರಿನ ಬಿಳಿಗಲ್ಲುಗಳ ಮೇಲೆ ಏನೋ ಗುಡ್ಡೆಯಾಗಿ ಬಿದ್ದಿತ್ತು. ಮನೆತನದ ನಯವಾದ ಚಾಪೆ, ಮದುವೆಗೂ ಸಾವಿಗೂ ಮಾತ್ರ ಹೊರತೆಗೆಯುವಂಥದ್ದು. ಅದನ್ನು ತಲೆಯ ಮೇಲೆ ಹೊದ್ದು ಅದರ ಕೆಳಗೆ ಫೆರೇತಿ ಕೂತಿದ್ದ. ಕೊಲೆಯಂಥ ತಪ್ಪಿಗೆ ಮನ್ನಿಸೆಂದು ಕೂರುವವರು ಹಾಗೆ ಕೂರುತ್ತಾರೆ. ಒಳಗಿನವರು ಚಾಪೆ ತೆಗೆಯುವ ತನಕ ಏಳುವಂತಿಲ್ಲ. ಒಳಗೆ ಯಾರೂ ಇರಲಿಲ್ಲ. ಎಸೆಟಾ ಛತ್ರಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಛತ್ರಿ ಅವನ ತಲೆಗೆ ಸಾಕಾಗಿತ್ತು, ಮುಂದೆ ಚಾಚಿದ ಕಾಲಿಗೆ ಸಾಲುತ್ತಿರಲಿಲ್ಲ.

"ಎದ್ದೇಳಿ ಅಂದೆ, ಕೇಳ್ಲಿಲ್ಲ ಅತ್ತಿಗೆ," ಎಂದಳು ಅವಳು. "ಎಳೆದೆ. ನನ್ನ ಕೈಲಾಗ್ಲಿಲ್ಲ."

ಸಿನೀವಾ ಓಡಿದಳು. ಆ ವಯಸ್ಸಿನಲ್ಲಿ ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಚಾಪೆಯನ್ನು ಎತ್ತಿ ಬದಿಗೆಸೆದು, ಅವನ ಮುಂದೆ ಕೆಸರಿನಲ್ಲಿ ಕೂತು, ಪಟ್ಟಿ ನೆನೆದ ಕಾಲನ್ನು ಎರಡು ಕೈಯಲ್ಲಿ ಎತ್ತಿ ಮಡಿಲಿಗಿಟ್ಟುಕೊಂಡಳು.

"ಇದೇನೋ ಮಾಡ್ದೆ, ಮಗಾ? ಇದೇನು ಮಾಡ್ದೆ?"

"ಅಕ್ಕಾ, ನನ್ನ ನಾಲಿಗೆ..."

"ನಿನ್ನ ನಾಲಿಗೆ ಆ ಮಗೂನ ಉಳಿಸ್ತಲ್ಲೋ."

ಮೂವರೂ ಸೇರಿ ಅವನನ್ನು ಒಳಗೆ ತಂದೆವು. ಕೋಕೋ ಕುಡಿಸಿದೆವು. ಅವಳು ಪಟ್ಟಿ ಬಿಚ್ಚಿ, ಒಣ ಬಟ್ಟೆ ಸುತ್ತಿದಳು. ಬೆಳಗಿನ ಹೊತ್ತಿಗೆ ಜ್ವರ ಏರಿತ್ತು, ಕೆಂಪು ಗೆರೆಯೊಂದು ಮೊಣಕಾಲಿನವರೆಗೆ ಹತ್ತಿತ್ತು. ಪಾದ್ರಿಯವರು ಗಾಡಿ ನಡೆಸಿದರು. ಇಲ್ಲಿಯ ಆಸ್ಪತ್ರೆಯಿಂದ ಹಡಗಿನಲ್ಲಿ ಆಚೆ ದ್ವೀಪದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎಸೆಟಾ ಜೊತೆಗೆ ಹೋದಳು. ಮೊಣಕಾಲಿನ ಕೆಳಗೆ ಕತ್ತರಿಸಿದರು ಎಂದು ಫೋನಿನಲ್ಲಿ ತಿಳಿಸಿದ್ದೂ ಅವಳೇ.

ಸಿನೀವಾ ಪರೀಕ್ಷೆಗೆ ಹೋಗುವುದಿಲ್ಲ ಎಂದಳು. "ಕಾಲಿಗೋಸ್ಕರ ಕಲಿತದ್ದು. ಇನ್ನು ಯಾವ ಕಾಲಿಗೆ?" ಆ ಮಾತು ಫೋನಿನಲ್ಲಿ ಎಸೆಟಾಗೆ ಮುಟ್ಟಿತು. ಆಚೆಯಿಂದ ಅವಳ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. "ಕಾಲು ಹೋಯ್ತು ಅತ್ತಿಗೆ, ಮನುಷ್ಯ ಇದಾನೆ! ಇನ್ನೊಂದು ಕಾಲಿದೆ! ಹಡಗಿಂದ ಅವರನ್ನ ಮನೆಗೆ ತರೋರು ಯಾರು? ಬೆನ್ನ ಮೇಲೆ ಹೊತ್ಕೊಂಡು ಬರ್ತೀರಾ ಈ ಸಲಾನೂ?"

ಅವಳು ಹೋದಳು. ಅದೇ ತರುಣ, ಅದೇ ರಸ್ತೆ. ಅಂದು ಸಾವಾಗಿದ್ದ ಮನೆಯಲ್ಲಿ ಈಗಲೂ ನಾಲ್ಕಾರು ಮುದುಕರು ಕೂತಿದ್ದರು. ಅವರ ಮುಂದೆ ಬಂದಾಗ ಹಿಂದಿನಿಂದ ತಗಡು ಬಡಿದ ಸದ್ದು ತನಗೆ ಕೇಳಿಸಿತು ಎಂದು ಆಮೇಲೆ ಅವಳು ನನಗೆ ಹೇಳಿದಳು. ತಲೆ ಎತ್ತೇ. ಹಿಂದುಗಡೆ ಖಾಲಿ ಚಾಪೆಯಿತ್ತು. ಅವಳು ತಲೆ ತಗ್ಗಿಸಲಿಲ್ಲ.

"ಈ ಸಲ ಕಣ್ಣು ಮಿಟುಕಿಸ್ಲೂ ಇಲ್ಲ ನೀವು," ಎಂದು ನಕ್ಕು ಪರೀಕ್ಷಕ ಕಾಗದಕ್ಕೆ ಸಹಿ ಹಾಕಿದ. ಅವಳು ನಗದಿದ್ದುದಕ್ಕೆ ಪಾಪ, ಅವನು ಮುಜುಗರಪಟ್ಟನಂತೆ.

ಫೆರೇತಿ ಮರಳಿದ ದಿನ ಹಡಗಿನ ಧಕ್ಕೆಯಲ್ಲಿ ಅವಳೇ ಪಿಕಪ್ ನಿಲ್ಲಿಸಿಕೊಂಡು ಕಾದಿದ್ದಳು, ನಾನು ಹಿಂದುಗಡೆ. ಹಿಂದುಗಡೆಗೆ ಹತ್ತಲು ಅವನಿಗೆ ಆಗಲಿಲ್ಲ. ಮುಂದಿನ ಸೀಟಿನಲ್ಲೇ ಕೂರಿಸಬೇಕಾಯಿತು, ನಡುವೆ ಎಸೆಟಾ. ದಾರಿಯುದ್ದಕ್ಕೂ ಅವನು ಕಿಟಕಿಯಾಚೆ ನೋಡುತ್ತ ಕೂತ. "ಅಕ್ಕನವರಿಗೆ ಹೇಳು" ಎಂಬ ಮಾತು ಒಮ್ಮೆಯೂ ಬರಲಿಲ್ಲ.

ಕೆಲವು ದಿನಗಳ ಮೇಲೆ, ಚಾಪೆಗೆ ಎಸಳು ಸೇರಿಸುವಾಗ ಸಿನೀವಾ ಹೇಳಿದಳು:

"ಅವನು ಕುರುಡಿ ಅಂದಾಗ ನನಗೆ ನೋವಾಯ್ತು. ಗಾಡಿ ನಿಲ್ಲಿಸೋವರೆಗೆ. ಅಷ್ಟೇ ಹೊತ್ತು. ಇಳಿದ ಮೇಲೆ ಇರಲಿಲ್ಲ, ದೇವರಾಣೆ ಇರಲಿಲ್ಲ. ಇಗರ್ಜೀಲಿ ಕೂತಿದ್ದು ನಾಚಿಕೆಗೆ, ಆ ಮಗು ಕಣ್ಮುಂದೆ ಬರ್ತಿತ್ತು ಅಂತ. ಆದ್ರೆ ಅಷ್ಟು ಹೊತ್ತು ಇತ್ತು. ಅಷ್ಟು ಸಾಕಾಯ್ತಾ ಅವನ ಕಾಲಿಗೆ?"

"ದೇವರು ಹಾಗೆ ಮಾಡೋನಲ್ಲ," ಎಂದೆ.

"ದೇವರು ಅಲ್ಲ. ನಾನು ಮಾಡಿದ್ನಾ ಅಂತ ಕೇಳ್ದೆ."

ಉತ್ತರಕ್ಕೆ ಅವಳು ಕಾಯಲಿಲ್ಲ. ಹೆಣೆಯುವುದು ಮುಂದುವರಿಯಿತು. ಅಂದು ರಾತ್ರಿಯ ನನ್ನ ಪ್ರಾರ್ಥನೆಯಲ್ಲಿ ಅವಳ ಹೆಸರು ಮೊದಲು ಬಂತು. ಈಗಲೂ ಮೊದಲು ಬರುತ್ತದೆ.

ಈಗ ಅವಳು ದಿನ ಬಿಟ್ಟು ದಿನ ಅವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಕತ್ತರಿಸಿದ ಜಾಗ ಒಣಗಬೇಕು, ಎಡಗಾಲನ್ನು ಕಾಯಬೇಕು. ಚೆನ್ನಾಗಿಯೇ ನಡೆಸುತ್ತಾಳೆ. ಆದರೂ ಒಮ್ಮೊಮ್ಮೆ, ಅದೂ ಫೆರೇತಿ ಇರುವಾಗ ಮಾತ್ರ, ಗಾಡಿ ಎಡಕ್ಕೆ ಸರಿದು ಚಕ್ರ ಚರಂಡಿಯ ಅಂಚಿನ ಹುಲ್ಲಿಗೆ ಇಳಿಯುವುದನ್ನು ಹಿಂದುಗಡೆ ಕೂತ ನಾನು ಗಮನಿಸಿದ್ದೇನೆ. ಅವಳು ಬೇಕೆಂದೇ ಹಾಗೆ ಮಾಡುತ್ತಾಳೆ. ಕೇಳಿದ್ದಕ್ಕೆ ಒಪ್ಪಿಕೊಂಡಳು.

"ಒಂದ್ಸಲ ಕೂಗ್ಲಿ ಅಂತ. ಬಯ್ಯಲಿ ಅಂತ."

ಮೊನ್ನೆಯೂ ಹಾಗೆಯೇ ಇಳಿಯಿತು. ಎಸೆಟಾ ತನ್ನ ಒಳ್ಳೆಯ ಕಣ್ಣನ್ನು ಗಂಡನ ಕಡೆ ತಿರುಗಿಸಿದಳು. ಫೆರೇತಿ ಚಕ್ರದ ಸದ್ದು ಕೇಳಿದ, ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ, ತುಟಿ ಬಿಚ್ಚಲಿಲ್ಲ. ಸಿನೀವಾ ಸ್ವಲ್ಪ ದೂರ ಹಾಗೆಯೇ ಹೋಗಿ, ತಾನೇ ತಿರುಗಿಸಿ ರಸ್ತೆಗೆ ತಂದಳು.

ಸಭಾಮನೆ ಬಂತು. ಹಿರಿಯರು ಕೂತಿದ್ದರು. ಫೆರೇತಿ ಹಿಡಿಯನ್ನು ಬಿಟ್ಟು, ಎರಡೂ ಕೈಗಳನ್ನು ಅರ್ಧ ಕಾಲಿನ ಮೇಲಿಟ್ಟು, ಅಕ್ಕನ ಪಾಲಿನದನ್ನೂ ಸೇರಿಸಿ ತಲೆ ತಗ್ಗಿಸಿದ. ಸಿನೀವಾ ರಸ್ತೆಯನ್ನೇ ನೋಡುತ್ತ ದಾಟಿದಳು.